ಸೋಲಿಗೂ ಒಂದು ಮರ್ಯಾದೆ

2012ರ ಜುಲೈ 31. ಲಂಡನ್ ಒಲಿಂಪಿಕ್ಸಿನ ಮಹಿಳಾ ಡಬಲ್ಸ್ ಬ್ಯಾಡ್ಮಿಂಟನ್. ಚೀನಾದ ವಾಂಗ್ ಶಿಯಾವೊಲಿ ಮತ್ತು ಯು ಯಾಂಗ್ ಜೋಡಿ ಕೊರಿಯಾದ ಜೋಡಿಯ ಎದುರು ಆಡುತ್ತಿತ್ತು. ಆಡುತ್ತಿತ್ತು ಎನ್ನುವುದೇ ತಪ್ಪು. ಸರ್ವ್ ನೇರವಾಗಿ ನೆಟ್ಟಿಗೆ ಹೋಗುತ್ತಿತ್ತು, ಹೊಡೆತಗಳು ಗೆರೆಯಾಚೆ ಬೀಳುತ್ತಿದ್ದವು. ಮೊದಲ ಗೇಮಿನ ಅತಿ ಉದ್ದದ ರ‍್ಯಾಲಿಯಲ್ಲಿ ಇದ್ದದ್ದು ನಾಲ್ಕೇ ಹೊಡೆತ. ಎರಡೂ ಕಡೆಯವರಿಗೆ ಸೋಲು ಬೇಕಿತ್ತು. ಎರಡೂ ಜೋಡಿ ಆಗಲೇ ಕ್ವಾರ್ಟರ್ ಫೈನಲ್ ತಲುಪಿದ್ದವು. ಗುಂಪಿನಲ್ಲಿ ಮೊದಲು ಬಂದವರು ಚೀನಾದ ಇನ್ನೊಂದು ಬಲಿಷ್ಠ ಜೋಡಿಯಿರುವ ದಾರಿಗೆ ಬೀಳುತ್ತಿದ್ದರು, ಎರಡನೆಯವರು ತಪ್ಪಿಸಿಕೊಳ್ಳುತ್ತಿದ್ದರು. ಪ್ರೇಕ್ಷಕರು ಕೂಗಿ ಛೀಮಾರಿ ಹಾಕಿದರು. ಮರುದಿನ ನಾಲ್ಕು ಜೋಡಿಗಳ ಎಂಟು ಆಟಗಾರ್ತಿಯರು ಅನರ್ಹರಾದರು.

ಅದೇ ಒಲಿಂಪಿಕ್ಸಿನಲ್ಲಿ ಕರ್ನಾಟಕಕ್ಕೆ ಸಂಬಂಧಪಟ್ಟ ಇನ್ನೊಂದು ಸಂಗತಿ ನಡೆಯಿತು. ನಮ್ಮ ಅಶ್ವಿನಿ ಪೊನ್ನಪ್ಪ ಮತ್ತು ಹೈದರಾಬಾದಿನ ಜ್ವಾಲಾ ಗುಟ್ಟಾ ತಮ್ಮ ಗುಂಪಿನಲ್ಲಿ ಎರಡು ಪಂದ್ಯ ಗೆದ್ದಿದ್ದರು. ಜಪಾನ್ ಮತ್ತು ಚೈನೀಸ್ ತೈಪೆ ಜೋಡಿಗಳೂ ತಲಾ ಎರಡು ಗೆದ್ದಿದ್ದವು. ಕೊನೆಗೆ ಲೆಕ್ಕಾಚಾರದಲ್ಲಿ ಕೂದಲೆಳೆಯ ಅಂತರದಿಂದ ಭಾರತದ ಜೋಡಿ ಹೊರಬಿತ್ತು. ಅವರು ತೈಪೆಯನ್ನು ಸೋಲಿಸಿದ್ದರು, ಆ ತೈಪೆ ಜೋಡಿಗೆ ಜಪಾನ್ ಸೋತಿತ್ತು. ಆ ಪಂದ್ಯದ ಮೇಲೆ ಭಾರತ ದೂರು ಕೊಟ್ಟಿತು. ದೂರು ತಿರಸ್ಕೃತವಾಯಿತು.

ಜಪಾನಿನ ಜೋಡಿ ಬೇಕಂತಲೇ ಸೋತಿತೆಂದು ನಾನು ಹೇಳುತ್ತಿಲ್ಲ. ಹಾಗೆ ಹೇಳಲು ಯಾರ ಬಳಿಯೂ ಪುರಾವೆ ಇಲ್ಲ. ನನ್ನನ್ನು ಕಾಡುವುದು ಬೇರೆ ಮಾತು. ಆ ಪಂದ್ಯಾವಳಿಯ ಸ್ವರೂಪವೇ ಹೇಗಿತ್ತೆಂದರೆ, ಪ್ರಾಮಾಣಿಕವಾಗಿ ಸೋತವರಿಗೂ ತಮ್ಮ ಸೋಲು ನಿಜದ್ದೆಂದು ತೋರಿಸಿಕೊಳ್ಳುವ ದಾರಿ ಉಳಿದಿರಲಿಲ್ಲ. ಸೋತರೆ ಲಾಭವಿರುವ ಕಡೆ ಪ್ರತಿ ಸೋಲೂ ಅನುಮಾನದ ಸೋಲೇ.

ಬೇಕಂತಲೇ ಸೋಲುವುದು ಯಾಕೆ ತಪ್ಪು? ಪ್ರಶ್ನೆ ಕಾಣುವಷ್ಟು ಸುಲಭವಲ್ಲ. ಚದುರಂಗದಲ್ಲಿ ಆಟಗಾರ ಕಾಲಾಳನ್ನು ಬೇಕೆಂದೇ ಬಲಿ ಕೊಡುತ್ತಾನೆ, ಅದನ್ನು ಜಾಣತನ ಎನ್ನುತ್ತೇವೆ. ದೊಡ್ಡ ಗೆಲುವಿಗಾಗಿ ಸಣ್ಣದನ್ನು ಬಿಟ್ಟುಕೊಡುವುದು ಎಲ್ಲ ಆಟಗಳಲ್ಲೂ ಇದೆ. ಹಾಗಿದ್ದರೆ ಚಿನ್ನದ ಪದಕಕ್ಕಾಗಿ ಒಂದು ಪಂದ್ಯ ಬಿಟ್ಟುಕೊಟ್ಟವರನ್ನು ಮಾತ್ರ ಯಾಕೆ ಹೊರಹಾಕಬೇಕು?

ದಾರ್ಶನಿಕ ಬರ್ನಾರ್ಡ್ ಸೂಟ್ಸ್ 1978ರ ‘ದಿ ಗ್ರಾಸ್‌ಹಾಪರ್’ ಎಂಬ ಪುಸ್ತಕದಲ್ಲಿ ಆಟವನ್ನು ವಿವರಿಸುವ ಬಗೆ ಇಲ್ಲಿ ನೆರವಾಗುತ್ತದೆ. ಅವರ ವಾದದ ತಿರುಳು ಇಷ್ಟು: ಅಗತ್ಯವೇ ಇಲ್ಲದ ಅಡೆತಡೆಗಳನ್ನು ನಾವಾಗಿಯೇ ಒಪ್ಪಿಕೊಂಡು ದಾಟಲು ಯತ್ನಿಸುವುದೇ ಆಟ. ಯತ್ನವನ್ನೇ ಬಿಟ್ಟವನು ನಿಯಮ ಮುರಿದಿಲ್ಲದಿರಬಹುದು, ಆದರೆ ಅವನು ಆಡುತ್ತಿಲ್ಲ. ಕಾಲಾಳನ್ನು ಬಲಿ ಕೊಟ್ಟವನು ಎದುರಾಳಿಯ ವಿರುದ್ಧ ಅದೇ ಆಟವನ್ನು ಇನ್ನೂ ಆಡುತ್ತಿರುತ್ತಾನೆ. ಪಂದ್ಯವನ್ನೇ ಬಲಿ ಕೊಟ್ಟವನ ಎದುರಾಳಿಗೆ ಆಡಲು ಯಾರೂ ಇರುವುದಿಲ್ಲ.

ಇದಕ್ಕೆ ನಾನು ಇನ್ನೊಂದು ಕಾರಣ ಸೇರಿಸುತ್ತೇನೆ. ಲೀಗಿನಲ್ಲಿ ಪಂದ್ಯವೊಂದು ಆಡಿದ ಇಬ್ಬರ ಸ್ವತ್ತಲ್ಲ. ಅಂಕಪಟ್ಟಿ ಎಲ್ಲರೂ ಸೇರಿ ಬರೆಯುವ ದಾಖಲೆ, ಪ್ರತಿ ಪಂದ್ಯವೂ ಅದರಲ್ಲೊಂದು ಸಾಕ್ಷಿ. ಬೇಕಂತಲೇ ಸೋತವರು ಸುಳ್ಳು ಸಾಕ್ಷಿ ನುಡಿದಂತೆ. ಅದರ ಶಿಕ್ಷೆ ಅನುಭವಿಸುವವರು ಆ ಹೊತ್ತು ಅಂಗಳದಲ್ಲೇ ಇರದ ಮೂರನೆಯವರು. 1982ರ ಫುಟ್ಬಾಲ್ ವಿಶ್ವಕಪ್ಪಿನಲ್ಲಿ ಪಶ್ಚಿಮ ಜರ್ಮನಿಯನ್ನೇ ಸೋಲಿಸಿದ್ದ ಅಲ್ಜೀರಿಯಾ ಹೀಗೆ ಹೊರಬಿತ್ತು. ಅದರ ಪಂದ್ಯಗಳು ಹಿಂದಿನ ದಿನವೇ ಮುಗಿದಿದ್ದವು. ಜರ್ಮನಿ ಒಂದೆರಡು ಗೋಲಿನಿಂದ ಗೆದ್ದರೆ ತಾನೂ ಆಸ್ಟ್ರಿಯಾವೂ ಮುಂದೆ ಹೋಗುವ ಲೆಕ್ಕ ಎಲ್ಲರಿಗೂ ಗೊತ್ತಿತ್ತು. ಜರ್ಮನಿ ಬೇಗನೆ ಒಂದು ಗೋಲು ಹೊಡೆಯಿತು. ಉಳಿದ ಹೊತ್ತು ಇಬ್ಬರೂ ಚೆಂಡನ್ನು ಅತ್ತಿತ್ತ ತಳ್ಳುತ್ತ ಕಳೆದರು. ಯಾರಿಗೂ ಶಿಕ್ಷೆಯಾಗಲಿಲ್ಲ. ಆದರೆ 1986ರ ವಿಶ್ವಕಪ್ಪಿನಿಂದ ಗುಂಪಿನ ಕೊನೆಯ ಪಂದ್ಯಗಳು ಒಂದೇ ಹೊತ್ತಿಗೆ ಶುರುವಾಗತೊಡಗಿದವು.

ಆಟಗಾರರಿಗೆ ನೀತಿ ಬೋಧಿಸುವ ಬದಲು ಕೈಗಡಿಯಾರ ಸರಿಮಾಡಿದ ಈ ಉಪಾಯ ನನಗೆ ಇಷ್ಟ. ಲಂಡನ್ ಪ್ರಕರಣದ ನಂತರ ಬ್ಯಾಡ್ಮಿಂಟನ್ ಒಕ್ಕೂಟವೂ ಇಂಥದ್ದನ್ನೇ ಮಾಡಿತು. 2016ರ ರಿಯೋದಲ್ಲಿ ಗುಂಪಿನಲ್ಲಿ ಎರಡನೆಯ ಸ್ಥಾನ ಪಡೆದ ಜೋಡಿಗಳಿಗೆ ಎದುರಾಳಿ ಯಾರೆಂಬುದನ್ನು ಗುಂಪಿನ ಹಂತ ಮುಗಿದ ಮೇಲೆ ಚೀಟಿ ಎತ್ತಿ ತೀರ್ಮಾನಿಸಲಾಯಿತು. ಸೋತರೆ ಯಾರು ಸಿಗುತ್ತಾರೆ ಎಂಬುದೇ ಗೊತ್ತಿಲ್ಲದಿದ್ದರೆ ಸೋಲುವುದು ಯಾಕೆ?

ಇಡೀ ಋತುವಿನ ಲೀಗಿನಲ್ಲಿ ಕಾಯಿಲೆ ಬೇರೆ ಬಗೆಯದು. ಆಸ್ಟ್ರೇಲಿಯನ್ ಫುಟ್ಬಾಲ್ ಲೀಗಿನಲ್ಲಿ ತಳದ ತಂಡಕ್ಕೆ ಹೊಸ ಪ್ರತಿಭೆಗಳನ್ನು ಮೊದಲು ಆರಿಸಿಕೊಳ್ಳುವ ಹಕ್ಕಿದೆ. ದುರ್ಬಲರು ಮೇಲೇಳಲಿ ಎಂಬ ಒಳ್ಳೆಯ ಉದ್ದೇಶ. ಅದರ ಮೇಲೆ, ತೀರಾ ಕಡಿಮೆ ಪಂದ್ಯ ಗೆದ್ದವರಿಗೆ ಹೆಚ್ಚುವರಿ ಆಯ್ಕೆಯೂ ಇತ್ತು. 2009ರಲ್ಲಿ ಮೆಲ್ಬರ್ನ್ ತಂಡ ನಾಲ್ಕೇ ಪಂದ್ಯ ಗೆದ್ದು ಮೊದಲ ಎರಡೂ ಆಯ್ಕೆಗಳನ್ನು ಪಡೆಯಿತು. ತನಿಖೆ ಮುಗಿದು 2013ರಲ್ಲಿ ತೀರ್ಪು ಬಂದಾಗ ಬೇಕಂತಲೇ ಸೋತ ಆರೋಪ ನಿಲ್ಲಲಿಲ್ಲ. ಆದರೂ ಕ್ಲಬ್ಬಿಗೆ 5 ಲಕ್ಷ ಡಾಲರ್ ದಂಡ ಬಿತ್ತು. ದಾನ ಕೊಡುವ ಕೈಯೇ ಬಡತನ ನಟಿಸಲು ಕಲಿಸಿತ್ತು.

ಅಮೆರಿಕದ ಬ್ಯಾಸ್ಕೆಟ್‌ಬಾಲ್ 1985ರಿಂದ ಇದಕ್ಕೆ ಲಾಟರಿ ತಂದಿದೆ. 2019ರಿಂದ ತಳದ ಮೂರೂ ತಂಡಗಳಿಗೆ ಮೊದಲ ಆಯ್ಕೆಯ ಅವಕಾಶ ಶೇ. 14, ಸಮಪಾಲು. ಆಸೆ ಕುಗ್ಗಿತು, ಆದರೆ ಸಾಯಲಿಲ್ಲ. ಇದಕ್ಕಿಂತ ಮೆಚ್ಚುವಂಥದ್ದು ಉತ್ತರ ಅಮೆರಿಕದ ಮಹಿಳಾ ಐಸ್ ಹಾಕಿ ಲೀಗ್ 2024ರಲ್ಲಿ ತಂದ ಕ್ರಮ. ಪ್ಲೇಆಫ್ ಆಸೆ ಮುಗಿದ ಕ್ಷಣದಿಂದ ತಂಡ ಗಳಿಸುವ ಅಂಕಗಳನ್ನು ಬೇರೆಯಾಗಿ ಎಣಿಸುತ್ತಾರೆ. ಅದರಲ್ಲಿ ಹೆಚ್ಚು ಗಳಿಸಿದವರಿಗೆ ಮೊದಲ ಆಯ್ಕೆ. ದುರ್ಬಲ ತಂಡ ಬೇಗ ಹೊರಬೀಳುವುದರಿಂದ ಅದಕ್ಕೆ ಹೆಚ್ಚು ಪಂದ್ಯಗಳು ಸಿಗುತ್ತವೆ, ಕರುಣೆ ಉಳಿಯುತ್ತದೆ. ಆದರೆ ಆ ಕರುಣೆಯನ್ನು ಗೆದ್ದೇ ಪಡೆಯಬೇಕು.

ನಮ್ಮ ಇಂಡಿಯನ್ ಸೂಪರ್ ಲೀಗ್ 2014ರಲ್ಲಿ ಆರಂಭವಾದಾಗ ಕೊನೆಯ ತಂಡ ಕೆಳಗಿನ ದರ್ಜೆಗೆ ಇಳಿಯುವ ನಿಯಮವಿರಲಿಲ್ಲ. ಆಗ ಅಲ್ಲಿ ಸೋತರೆ ಲಾಭವೂ ಇರಲಿಲ್ಲ, ನಷ್ಟವೂ ಇರಲಿಲ್ಲ. ಬೇಕಂತಲೇ ಸೋಲುವುದು ಬೇರೆ, ಗೆದ್ದರೆಷ್ಟು ಬಿಟ್ಟರೆಷ್ಟು ಎಂದು ಆಡುವುದು ಬೇರೆ, ನಿಜ. ಆದರೆ ಎರಡೂ ಒಂದೇ ಮನೆಯ ಮಕ್ಕಳು. ಇಳಿಯುವ ಭಯವಿರುವ ಲೀಗಿನಲ್ಲಿ ತಳದವರ ಪಂದ್ಯವೇ ಎಷ್ಟೋ ಸಲ ಅಗ್ರಸ್ಥಾನದ ಪಂದ್ಯಕ್ಕಿಂತ ಬಿಸಿಯಾಗಿರುತ್ತದೆ.

ಉಪಾಯಗಳಿಗೆ ಮಿತಿಯೂ ಇದೆ. ಪ್ರೊ ಕಬಡ್ಡಿಯಲ್ಲಿ ಏಳು ಅಥವಾ ಅದಕ್ಕಿಂತ ಕಡಿಮೆ ಅಂತರದಲ್ಲಿ ಸೋತವರಿಗೆ ಒಂದು ಅಂಕ ಕೊಡುವ ನಿಯಮ ಹಿಂದೆ ಇತ್ತು. ಸೋಲುವವರು ಕೊನೆಯ ತನಕ ಹೋರಾಡಲಿ ಎಂಬುದು ಅದರ ಆಶಯವಾಗಿತ್ತು. ಆದರೆ ಏಳರ ಅಂತರದಲ್ಲಿ ಹಿಂದಿರುವ ತಂಡ ಕೊನೆಯ ನಿಮಿಷದಲ್ಲಿ ಸಾಹಸ ಮಾಡಲು ಹಿಂಜರಿಯುತ್ತಿತ್ತು. ರೈಡರ್ ಬೋನಸ್ ಗೆರೆಯ ಕಡೆ ಮುಖವನ್ನೂ ಮಾಡದೆ ಹೊತ್ತು ಕಳೆದು ಮರಳುತ್ತಿದ್ದ. ಸೋಲಿಗೆ ಕೊಟ್ಟ ಅಂಕ ಸೋಲನ್ನು ಕಾಪಾಡಿಕೊಳ್ಳಲು ಕಲಿಸುತ್ತದೆ.

ಹಾಗಾದರೆ ನೀತಿಯನ್ನು ಎಲ್ಲಿ ಇಡಬೇಕು, ನಿಯಮದಲ್ಲೋ ಮನುಷ್ಯನಲ್ಲೋ? ಬೀಗ ಹಾಕಿದ ಮನೆಗೆ ಕಳ್ಳ ಬಾರದಿದ್ದರೆ ಅವನು ಸಾಧುವಾದನೆಂದು ಅರ್ಥವಲ್ಲ ಎಂದು ಕೆಲವರು ವಾದಿಸಬಹುದು. ಮಾತು ಸರಿ. ಆದರೆ ಬಾಗಿಲು ತೆರೆದಿಟ್ಟು, ಒಳಗೆ ಹೊನ್ನು ಹರಡಿ, ದಾರಿಹೋಕರ ಸಾಧುತ್ವವನ್ನು ದಿನವೂ ಪರೀಕ್ಷಿಸುವ ಮನೆಯವನು ನಿರಪರಾಧಿಯೇ? ಲಂಡನ್ನಿನಲ್ಲಿ ಎಂಟು ಆಟಗಾರ್ತಿಯರು ಮನೆಗೆ ಹೋದರು. ವರ್ಷಗಟ್ಟಲೆ ಬೆವರು ಹರಿಸಿದವರಿಗೆ, ಗೆದ್ದರೆ ನಷ್ಟ ಎನ್ನುವ ಪಟ್ಟಿಯನ್ನು ಬರೆದುಕೊಟ್ಟವರು ತಮ್ಮ ಕುರ್ಚಿಯಲ್ಲೇ ಉಳಿದರು. ಆಟಗಾರ್ತಿಯರ ತಪ್ಪು ಇದರಿಂದ ತೊಡೆದುಹೋಗುವುದಿಲ್ಲ. ಆದರೆ ಆ ತಪ್ಪಿನಲ್ಲಿ ಪಾಲುದಾರರಿದ್ದರು.

ನಮ್ಮ ಅಮ್ಮಿನಬಾವಿ ಕಡೆ, ಧಾರವಾಡ ಸೀಮೆಯ ಊರುಗಳಲ್ಲೆಲ್ಲ, ಜಾತ್ರೆಗೆ ಕುಸ್ತಿ ಹಚ್ಚುವಾಗ ‘ಜಂಗೀ ನಿಕಾಲಿ ಕುಸ್ತಿ’ ಎಂದು ಹೇಳುವುದುಂಟು. ನಿಕಾಲಿ ಎಂದರೆ ಕೊನೆ ಕಾಣಬೇಕು, ಒಬ್ಬ ಬೀಳಲೇಬೇಕು. ಒಳಗೊಳಗೇ ಮಾತಾಡಿಕೊಂಡು ಆಡುವ ಕುಸ್ತಿಗೆ ಹಿಂದಿ, ಮರಾಠಿಯಲ್ಲಿ ‘ನೂರಾ ಕುಸ್ತಿ’ ಎಂಬ ಹೆಸರೇ ಇದೆ. ಆ ಅನುಮಾನ ಬಂದ ಕೂಡಲೇ ಕಣದ ಸುತ್ತ ಕುಂತ ಹಿರಿಯರಿಂದ ‘ಬಿದ್ರ ಬೀಳಲಿ, ಬೇಕಂತ ಬೀಳಬಾರ್ದು’ ಎಂಬ ಮಾತು ಬರುತ್ತದೆ. ಬಿದ್ದವನ ಮೇಲೆ ಅವರಿಗೆ ಸಿಟ್ಟಿಲ್ಲ. ಚೆನ್ನಾಗಿ ಆಡಿ ಬಿದ್ದ ಪೈಲ್ವಾನನಿಗೂ ಕೈಗೆ ನೋಟು ಇಟ್ಟು ಬೆನ್ನು ತಟ್ಟುತ್ತಾರೆ.

ಲೀಗಿನ ಸ್ವರೂಪ ರೂಪಿಸುವವರು ಗೆಲುವಿನ ಬಹುಮಾನದ ಬಗ್ಗೆ ಬಹಳ ಯೋಚಿಸುತ್ತಾರೆ. ಅವರು ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಬೇರೆ: ಈ ವ್ಯವಸ್ಥೆಯಲ್ಲಿ ಸೋತವನು ತಲೆಯೆತ್ತಿ ‘ನಾನು ನಿಜವಾಗಿಯೂ ಸೋತೆ’ ಎಂದರೆ ಜನ ನಂಬುತ್ತಾರೆಯೇ? ನಂಬುವಂತಿದ್ದರೆ ಮಾತ್ರ ಅಲ್ಲಿಯ ಗೆಲುವಿಗೂ ಬೆಲೆ.