ಕುಳಿತು ದುಡಿಯುವವರ ನೋವು

ಕಾಯದಿಂದ ನಡೆಯತಕ್ಕದ್ದು ಕಾಯಕ. ಹನ್ನೆರಡನೆಯ ಶತಮಾನದ ಶರಣರು ಈ ಶಬ್ದಕ್ಕೆ ತಂದುಕೊಟ್ಟ ಗೌರವವನ್ನು ಕನ್ನಡಿಗರೆಲ್ಲರೂ ಬಲ್ಲರು. ಆದರೆ ಕಾಯಕವನ್ನು ಕೊಂಡಾಡುವಾಗ ನಾವು ಕಾಯವನ್ನೇ ಮರೆಯುವುದುಂಟು. ದುಡಿಯುವ ದೇಹದ ಯೋಗಕ್ಷೇಮವು ಯಾರ ಹೊಣೆ? ದುಡಿಯುವವನದೋ, ದುಡಿಸಿಕೊಳ್ಳುವವನದೋ? ನೋವನ್ನು ಮೌನವಾಗಿ ಸಹಿಸುವುದು ಎಲ್ಲ ಕಾಲಕ್ಕೂ ಸದ್ಗುಣವೆ? ಗಣಕಯಂತ್ರದ ಮುಂದೆ ಕುಳಿತು ದುಡಿಯುವವರನ್ನು ಕಣ್ಣ ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಕಿಂಚಿತ್ ವಿಚಾರಿಸೋಣ.

ಹಿಂದೆ ನಮ್ಮ ಸೀಮೆಯಲ್ಲಿ ಪಟವಾರಿಗಳು ಕೈಯಿಂದ ಬರೆದಿಡುತ್ತಿದ್ದ ಪಹಣಿಗಳು 2000ದ ಸುಮಾರಿನಿಂದ ‘ಭೂಮಿ’ ಯೋಜನೆಯ ಮೂಲಕ ಗಣಕಯಂತ್ರವನ್ನು ಸೇರಿದುವು. ಈಗ ದೇವದುರ್ಗ, ಮಾನ್ವಿಗಳ ತಾಲ್ಲೂಕು ಕಚೇರಿಗಳಲ್ಲಿಯೂ, ರಾಯಚೂರು ನಗರದ ಬ್ಯಾಂಕು, ಆಸ್ಪತ್ರೆ, ಹತ್ತಿಯ ಅಂಗಡಿಗಳಲ್ಲಿಯೂ ಪರದೆಯನ್ನು ನೋಡುತ್ತ ದಿನವನ್ನು ಕಳೆಯುವವರು ಬಹುಮಂದಿ. ಲೇಖನಿಗೆಂದು ಮಾಡಿದ ಮೇಜಿನ ಮೇಲೆ ಯಂತ್ರವನ್ನಿರಿಸಿದರೆ ಕೀಲಿಮಣೆಯು ಎದೆಯ ಮಟ್ಟಕ್ಕೆ ಏರುತ್ತದೆ, ಹೆಗಲು ಸೆಟೆಯುತ್ತದೆ. ಪರದೆಯು ಪಕ್ಕಕ್ಕಿದ್ದರೆ ಕೊರಳು ದಿನವೆಲ್ಲ ಒಂದೇ ಕಡೆಗೆ ತಿರುಗಿರಬೇಕು. ಬೆನ್ನ ಹಿಂದೆ ಕಿಟಕಿಯಿದ್ದರೆ ರಾಯಚೂರಿನ ಬಿಸಿಲು ಪರದೆಯಲ್ಲಿ ಪ್ರತಿಫಲಿಸಿ ಕಣ್ಣನ್ನು ಕುಕ್ಕುತ್ತದೆ. ಕುಳಿತವನು ಗಿಡ್ಡನಾದರೆ ಕಾಲು ನೆಲಕ್ಕೆ ಮುಟ್ಟದೆ ತೂಗಾಡುತ್ತದೆ. ಒಂದು ದಿನಕ್ಕೆ ಇವು ಅಲ್ಪ ವಿಷಯಗಳು. ಹತ್ತು ವರ್ಷಕ್ಕೆ ಅಲ್ಪವಲ್ಲ.

ಈ ವ್ಯಥೆಯು ಯಂತ್ರದೊಡನೆ ಹುಟ್ಟಿದುದಲ್ಲ. ಮಾನ್ವಿಯ ಜಗನ್ನಾಥದಾಸರ ಹರಿಕಥಾಮೃತಸಾರವು ಅಚ್ಚಾಗುವುದಕ್ಕೆ ಮುನ್ನ ಪ್ರತಿಕಾರರ ಕೈಗಳಿಂದಲೇ ಹರಡಿತು. ಹಳೆಯ ಓಲೆಗರಿಯ ಗ್ರಂಥಗಳ ಕೊನೆಯಲ್ಲಿ ಪ್ರತಿಕಾರರು ತಮ್ಮ ಬೆನ್ನು, ಸೊಂಟ, ಕೊರಳುಗಳ ನೋವನ್ನು ಹೇಳಿಕೊಂಡು, ಇಷ್ಟು ಕಷ್ಟದಿಂದ ಬರೆದುದನ್ನು ಜೋಪಾನಮಾಡಿರೆಂದು ಬೇಡಿಕೊಳ್ಳುವುದುಂಟು. ನಾವು ಗ್ರಂಥವನ್ನು ಜೋಪಾನಮಾಡಿದೆವು. ಬರೆದವನ ಬೆನ್ನನ್ನು ಕೇಳಲಿಲ್ಲ. ಅದನ್ನು ಕೇಳಿದವನು ಇಟಲಿಯ ವೈದ್ಯನಾದ ರಾಮಾಜ್ಜೀನಿ. ಕಸುಬುದಾರರ ರೋಗಗಳನ್ನು ಕುರಿತು 1700ರಲ್ಲಿ ಆತನು ಪ್ರಕಟಿಸಿದ ಗ್ರಂಥವು 1713ರಲ್ಲಿ ವಿಸ್ತಾರಗೊಂಡಾಗ ಅದರಲ್ಲಿ ಬರಹಗಾರರ ಪ್ರಕರಣವೂ ಸೇರಿತು. ಸದಾ ಕುಳಿತಿರುವುದು, ಕೈಯನ್ನು ಒಂದೇ ರೀತಿಯಲ್ಲಿ ಆಡಿಸುತ್ತಿರುವುದು, ಲೆಕ್ಕದಲ್ಲಿ ತಪ್ಪಾಗಬಾರದೆಂಬ ಮನಸ್ಸಿನ ಬಿಗಿ — ಈ ಮೂರನ್ನು ಆತನು ಅವರ ವ್ಯಾಧಿಗೆ ಕಾರಣಗಳೆಂದನು. ಮುನ್ನೂರು ವರ್ಷ ಕಳೆದರೂ ಆ ಮೂರರಲ್ಲಿ ಒಂದೂ ಕಡಿಮೆಯಾಗಿಲ್ಲ.

ಪರಿಹಾರವು ದುರ್ಲಭವೂ ಅಲ್ಲ, ದುಬಾರಿಯೂ ಅಲ್ಲ. ಪರದೆಯ ಮೇಲಂಚು ಕಣ್ಣಿನ ಮಟ್ಟದಲ್ಲಿ ಅಥವಾ ತುಸು ಕೆಳಗೆ, ಒಂದು ತೋಳಿನಷ್ಟು ದೂರದಲ್ಲಿರಬೇಕು. ಮೊಣಕೈ ಮೈಗೆ ಹತ್ತಿರವಾಗಿ ಹೆಚ್ಚುಕಡಿಮೆ ಮೂಲೆಮಟ್ಟಕ್ಕೆ ಮಡಿದಿರಬೇಕು, ಮಣಿಕಟ್ಟು ನೇರವಾಗಿರಬೇಕು. ಸೊಂಟಕ್ಕೆ ಆನಿಕೆಯೂ ಪಾದಕ್ಕೆ ನೆಲವೋ ಮಣೆಯೋ ದೊರೆಯಬೇಕು. ಪರದೆಯನ್ನು ನಿಟ್ಟಿಸುವವನು ರೆಪ್ಪೆ ಬಡಿಯುವುದೇ ಕಡಿಮೆಯಾಗಿ ಕಣ್ಣು ಒಣಗುವುದರಿಂದ, 20 ನಿಮಿಷಗಳಿಗೊಮ್ಮೆ 20 ಅಡಿ ದೂರದ ವಸ್ತುವನ್ನು 20 ಸೆಕೆಂಡು ನೋಡಬೇಕೆಂದು ನೇತ್ರವೈದ್ಯರು ಹೇಳುತ್ತಾರೆ. ಎಲ್ಲಕ್ಕಿಂತ ಮಿಗಿಲಾಗಿ, ಆಗಾಗ ಎದ್ದು ನಾಲ್ಕು ಹೆಜ್ಜೆ ನಡೆಯಬೇಕು. ಎಷ್ಟು ಒಳ್ಳೆಯ ಆಸನವಾದರೂ ಅಲುಗದೆ ಕುಳಿತವನನ್ನು ಕಾಪಾಡಲಾರದು.

ಇಲ್ಲೊಂದು ಆಕ್ಷೇಪವು ಹುಟ್ಟುತ್ತದೆ. ತುಂಗಭದ್ರೆಯ ಎಡದಂಡೆ ಕಾಲುವೆಯ ನೀರುಂಡ ಮಾನ್ವಿಯ ಗದ್ದೆಗಳಲ್ಲಿ ಹೆಣ್ಣುಮಕ್ಕಳು ಕೆಸರಿನಲ್ಲಿ ದಿನವೆಲ್ಲ ಬಾಗಿ ಭತ್ತದ ಸಸಿ ನೆಡುತ್ತಾರೆ. ದೇವದುರ್ಗದ ಹೊಲಗಳಲ್ಲಿ ಬಿಸಿಲಿಗೆ ಬೆನ್ನೊಡ್ಡಿ ಹತ್ತಿಯನ್ನು ಬಿಡಿಸುತ್ತಾರೆ. ಅವರೆದುರಿನಲ್ಲಿ, ಫ್ಯಾನಿನ ಕೆಳಗೆ ಕುರ್ಚಿಯ ಮೇಲಿರುವವನು ನೋವೆಂದು ಹೇಳುವುದು ನಾಚಿಕೆಗೇಡಲ್ಲವೆ? ಈ ಆಕ್ಷೇಪದಲ್ಲಿ ಸತ್ಯಾಂಶವುಂಟು. ಬಾಗಿ ದುಡಿಯುವವಳ ಶ್ರಮಕ್ಕೂ ಕುಳಿತವನ ಶ್ರಮಕ್ಕೂ ಸಾಟಿಯಿಲ್ಲ. ಆದರೂ ಒಬ್ಬರ ನೋವು ಇನ್ನೊಬ್ಬರ ನೋವನ್ನು ಅಳಿಸುವುದಿಲ್ಲ. ಗುಮಾಸ್ತನು ಹಲ್ಲುಕಚ್ಚಿ ಕುಳಿತಮಾತ್ರಕ್ಕೆ ಗದ್ದೆಯಲ್ಲಿರುವವಳ ಬೆನ್ನು ನೆಟ್ಟಗಾದೀತೆ? ದೇಹಕ್ಕೆ ಕೆಲಸವು ಹೊಂದಬೇಕೇ ಹೊರತು ಕೆಲಸಕ್ಕಾಗಿ ದೇಹವು ಮುರಿಯಬಾರದು ಎಂಬ ನ್ಯಾಯವನ್ನು ಕಚೇರಿಯಲ್ಲಿ ಒಪ್ಪಿದವನು ಹೊಲದಲ್ಲಿ ಅದನ್ನು ನಿರಾಕರಿಸಲಾರನು. ನಾಚಬೇಕಾದುದು ಆ ನ್ಯಾಯವನ್ನು ತನ್ನ ಕುರ್ಚಿಯಲ್ಲಿಯೇ ನಿಲ್ಲಿಸಿಕೊಳ್ಳುವವನು.

ಇನ್ನು ತಾಳ್ಮೆಯ ಮಾತು. ಒಂದು ಶ್ರೇಯಸ್ಸಿಗಾಗಿ ತಾನೇ ಒಪ್ಪಿ ನೋವನ್ನು ಸಹಿಸುವುದು ತಪಸ್ಸು. ಇನ್ನೊಬ್ಬನು ಮಾಡಬೇಕಾದ ಅಲ್ಪ ವೆಚ್ಚವು ಉಳಿಯಲೆಂದು ಸಹಿಸುವುದು ತಪಸ್ಸಲ್ಲ. ಅದು ಪರರ ಸಾಲವನ್ನು ತನ್ನ ಮೈಯಿಂದ ತೀರಿಸುವುದು. ಗುತ್ತಿಗೆಯ ಮೇಲೆ ದುಡಿಯುವ ತರುಣನೋ ತರುಣಿಯೋ ಕೆಲಸ ಹೋದೀತೆಂಬ ಭಯದಿಂದ ಸುಮ್ಮನಿದ್ದರೆ ಆ ಮೌನವನ್ನು ಸಮ್ಮತಿಯೆಂದೆಣಿಸುವುದು ಅಧರ್ಮ. ನೆರೆಯ ಕೇರಳವು 2018ರಲ್ಲಿ, ತಮಿಳುನಾಡು 2021ರಲ್ಲಿ, ಅಂಗಡಿಗಳಲ್ಲಿ ದಿನವೆಲ್ಲ ನಿಂತು ದುಡಿಯುವವರಿಗೆ ಆಸನವಿರಬೇಕೆಂದು ಕಾನೂನನ್ನು ತಿದ್ದಿದುವು. ಕುಳಿತುಕೊಳ್ಳುವುದಕ್ಕೂ ಕಾನೂನು ಬೇಕಾಯಿತೆಂಬುದು ಯೋಚಿಸತಕ್ಕ ಸಂಗತಿ. ನಿಂತವನಿಗೆ ಕೂರುವ ಅವಕಾಶವು ಹೇಗೋ, ಕುಳಿತವನಿಗೆ ಏಳುವ ಅವಕಾಶವೂ ಹಾಗೆಯೇ.

ಹಾಗಾದರೆ ಹೊಣೆ ಯಾರದು? ಹೊಂದುವ ಕುರ್ಚಿ ಮೇಜುಗಳನ್ನೂ, ನಡುನಡುವೆ ಏಳುವಷ್ಟು ಬಿಡುವನ್ನೂ ಒದಗಿಸುವುದು ದುಡಿಸಿಕೊಳ್ಳುವವನ ಹೊಣೆ. ದೊರೆತ ಬಿಡುವಿನಲ್ಲಿಯೂ ಕೈಯಲ್ಲಿನ ಫೋನಿಗೆ ಕೊರಳು ಬಾಗಿಸದೆ ಎದ್ದು ನಡೆಯುವುದು ದುಡಿಯುವವನ ಹೊಣೆ. ಮೂರನೆಯ ಹೊಣೆಯೊಂದುಂಟು, ಅದು ನಮ್ಮದು. ಪಹಣಿಗಾಗಿ ಊರಿನಿಂದ ಬಸ್ಸು ಹಿಡಿದು ಬಂದು ಸಾಲಿನಲ್ಲಿ ನಿಂತ ರೈತನ ಕಾಲಿಗೂ ನೋವುಂಟು, ಅವನ ಹೊತ್ತಿಗೂ ಬೆಲೆಯುಂಟು. ಅವನಿಗೆ ನೆರಳು, ಬೆಂಚು, ನೀರು ದೊರೆಯಲೇಬೇಕು. ಅಂತೆಯೇ ಒಳಗಿರುವವನು ಐದು ನಿಮಿಷ ಎದ್ದು ಹೋದರೆ ಸಾಲಿನಲ್ಲಿರುವ ನಾವು ಅವನನ್ನು ಕೂಡಲೇ ಸೋಮಾರಿಯೆಂದು ಜರೆಯಬಾರದು. ಕಿಂಡಿಯ ಆಚೆಗೂ ಈಚೆಗೂ ಇರುವುದು ದೇಹವೇ ಎಂಬ ಅರಿವು ಇಬ್ಬರಲ್ಲಿಯೂ ಇದ್ದರೆ, ಕಾಯಕಕ್ಕೆ ನಾವು ಬಾಯಿಂದ ಸಲ್ಲಿಸುವ ಗೌರವವು ಕಾಯಕ್ಕೂ ತಲುಪಿದಂತಾಗುವುದು.