ಕೈಯಿಂದ ಬಿಚ್ಚುವ ನಟ್ಟು

ಗಟ್ಟಿಯಾಗಿ ಹಿಡಿಯುವುದು ದೊಡ್ಡದೋ, ಸುಲಭವಾಗಿ ಬಿಚ್ಚುವುದು ದೊಡ್ಡದೋ? ಇದನ್ನು ತಿಳಿಯಲು ದೊಡ್ಡ ಗ್ರಂಥ ಬೇಕಿಲ್ಲ, ಸೈಕಲ್ಲಿನ ಗಾಲಿ ಸಾಕು. ನಮ್ಮ ಕಡೆಯ ಸೈಕಲ್ ಗಾಲಿಗೆ ಆರು ಮೂಲೆಯ ನಟ್ಟು. ಪಾನಾ ಹಾಕದೆ ಅದು ಜಪ್ಪಯ್ಯ ಅಂದರೂ ಅಲ್ಲಾಡುವುದಿಲ್ಲ. ಆದರೆ ಹಿಂದಿನ ಕಾಲದಲ್ಲಿ ಯುರೋಪಿನ ರೇಸ್ ಸೈಕಲ್ಲುಗಳಿಗೆ ಎರಡು ರೆಕ್ಕೆಯ ನಟ್ಟು ಇರುತ್ತಿತ್ತು. ಬೆರಳಿನಿಂದಲೇ ತಿರುವಬಹುದು, ಪಾನಾ ಬೇಡ.

ಇದಕ್ಕೆ ಕಾರಣವಿತ್ತು. ಆಗ ಹಿಂದಿನ ಗಾಲಿಯ ಎರಡೂ ಬದಿಗೆ ಬೇರೆ ಬೇರೆ ಅಳತೆಯ ಹಲ್ಲಿನ ಚಕ್ರ. ಏರು ಬಂತೋ, ಸವಾರ ಕೆಳಗಿಳಿದು ಗಾಲಿ ಬಿಚ್ಚಿ, ತಿರುವಿ ಹಾಕಿ, ಮತ್ತೆ ಹತ್ತಬೇಕು. ಗೇರು ಬದಲಿಸುವ ಸಾಧನಕ್ಕೆ ಟೂರ್ ದ ಫ್ರಾನ್ಸ್‌ನಲ್ಲಿ ಒಪ್ಪಿಗೆ ಸಿಕ್ಕಿದ್ದೇ 1937ರಲ್ಲಿ. ಅಲ್ಲಿಯವರೆಗೆ ಸವಾರನಿಗೆ ತನ್ನ ಕೈಯೇ ಪಾನಾ.

ಆದರೆ ಕೈಗೂ ಒಂದು ಮಿತಿ ಉಂಟಲ್ಲ! 1927ರಲ್ಲಿ ಇಟಲಿಯ ಕ್ರೋಚೆ ದಾವುನೆ ಘಾಟಿನಲ್ಲಿ ತುಲ್ಲಿಯೊ ಕಂಪಾನ್ಯೋಲೊ ಎಂಬ ಸವಾರ ಥಂಡಿಗೆ ಬೆರಳು ಮರಗಟ್ಟಿ ಈ ನಟ್ಟು ಬಿಚ್ಚಲಾರದೆ ಹೋದನಂತೆ. ಹೀಗೆಂದು ಹೇಳುವ ಕತೆ. ಮುಂದೆ ಅವನ ಹೆಸರಿನೊಂದಿಗೇ ಹೊಸ ಸಾಧನ ಪ್ರಸಿದ್ಧವಾಯಿತು: ಟೊಳ್ಳು ಅಚ್ಚಿನೊಳಗೆ ಒಂದು ಸರಳು, ತುದಿಗೆ ಹಿಡಿಕೆ. ಹಿಡಿಕೆ ಮಡಚಿದರೆ ಗಾಲಿ ಬಿಗಿ, ಎತ್ತಿದರೆ ಸಡಿಲ.

ಮುಂದಿನ ಸಂಗತಿ ಇನ್ನೂ ವಿಚಾರ ಮಾಡುವಂಥದ್ದು. ಈ ಸಾಧನ ಸಾಮಾನ್ಯ ಜನರ ಕೈಗೆ ಬಂದಾಗ ಕೆಲವರು ಹಿಡಿಕೆಯನ್ನು ಮಡಚದೆ, ರೆಕ್ಕೆ ನಟ್ಟಿನಂತೆ ಸುತ್ತಿ ಸುತ್ತಿ ಬಿಗಿಮಾಡಿದರು. ಗಾಲಿ ಕಳಚಿ ಬಿದ್ದರು. ಆಗ ತಯಾರಕರು ಮುಂದಿನ ಫೋರ್ಕಿನ ತುದಿಗೆ ಚಿಕ್ಕ ಅಂಚು ಇಟ್ಟರು. ಹಿಡಿಕೆ ಸಡಿಲಾದರೂ ಗಾಲಿ ತಟ್ಟನೆ ಕಳಚುವುದಿಲ್ಲ. ಬಲ್ಲವರು ಮಾತ್ರ ಗೊಣಗಿದರು: "ಯಾರೋ ಮರೆಯುತ್ತಾರೆಂದು ನಮಗ್ಯಾಕ್ರೀ ಈ ಕಾಟ?"

ಅವರ ಮಾತನ್ನು ತಳ್ಳಿಹಾಕುವಂತಿಲ್ಲ. ಕೈಯಿಂದ ಬಿಚ್ಚುವ ವಸ್ತು ಮನುಷ್ಯನಿಗೆ ಸ್ವಾಧೀನ ಕೊಡುತ್ತದೆ. ನಡುದಾರಿಯಲ್ಲಿ ಪಂಕ್ಚರ್ ಆದರೆ ಪಾನಾಕ್ಕಾಗಿ ಯಾರ ಬಾಗಿಲೂ ಕಾಯಬೇಕಿಲ್ಲ. ಜೊತೆಗೆ ಅದು ಎರಡು ಜವಾಬ್ದಾರಿ ಹೊರಿಸುತ್ತದೆ. ಹತ್ತುವ ಮುನ್ನ ಯಜಮಾನ ಪ್ರತಿಸಲ ಮುಟ್ಟಿ ನೋಡಬೇಕು. ದಾರಿಹೋಕ ಮುಟ್ಟದೆ ಇರಬೇಕು. ಮೊದಲನೆಯದು ಎಚ್ಚರ, ಎರಡನೆಯದು ನಂಬಿಕೆ.

ಹಾಗಾದರೆ ವಸ್ತುವನ್ನು ಎಚ್ಚರಿರುವವನಿಗಾಗಿ ಮಾಡಬೇಕೋ, ಮರೆಯುವವನಿಗಾಗಿಯೋ? ನನಗನಿಸುವುದು ಇಷ್ಟು: ಬೀಳುವವನು ಯಾರು ಎಂದು ಮೊದಲು ಕೇಳಬೇಕು. ಒಬ್ಬನೇ ಹೋಗುವ ಸವಾರ ತನ್ನ ಎಚ್ಚರದ ಮೇಲೆ ಪಣ ಕಟ್ಟಲಿ, ಅದು ಅವನ ಹಕ್ಕು. ಆದರೆ ಹಿಂದೆ ಕ್ಯಾರಿಯರ್ ಮೇಲೆ ಕೂತ ಕೂಸು ನಟ್ಟು ಬಿಗಿ ಮಾಡಿಲ್ಲ, ನೋಡಿಯೂ ಇಲ್ಲ. ಅಪ್ಪನ ಬೆನ್ನು ಹಿಡಿದು ಕೂತದೆ ಅಷ್ಟೆ. ಬಲ್ಲವನಿಗೆ ಆ ಚಿಕ್ಕ ಅಂಚು ಅರೆಕ್ಷಣದ ಕಾಟ. ಕೂಸಿಗೆ ಅದು ಹಲ್ಲು, ಮೊಣಕಾಲು, ಜೀವ. ಇವೆರಡನ್ನು ಒಂದೇ ತಕ್ಕಡಿಯಲ್ಲಿ ತೂಗಿದರೆ ಯಾವ ಕಡೆ ಇಳಿಯುತ್ತದೆಂದು ಹೇಳಲು ಪಂಡಿತರು ಬೇಕಾಗಿಲ್ಲ.