ಕಾಯಕದ ಬಾಕಿ

ವರದಾ ನದಿಯು ತುಂಗಭದ್ರೆಯನ್ನು ಕೂಡುವ ಗಳಗನಾಥವು ಹಾವೇರಿ ಸೀಮೆಯ ಪುಣ್ಯಕ್ಷೇತ್ರಗಳಲ್ಲಿ ಒಂದು. ಕಲ್ಯಾಣ ಚಾಲುಕ್ಯರ ಕಾಲದ ಗಳಗೇಶ್ವರ ದೇವಾಲಯವು ಅಲ್ಲಿ ಹೊಳೆಯ ದಂಡೆಯಲ್ಲಿಯೇ ನಿಂತಿದೆ. ಅದೇ ತುಂಗಭದ್ರೆಯ ದಂಡೆಯ ಮೇಲೆ, ರಾಣೆಬೆನ್ನೂರು ತಾಲೂಕಿನಲ್ಲಿ, ಚೌಡದಾನಪುರವಿದೆ. ಹನ್ನೆರಡನೆಯ ಶತಮಾನದ ಶರಣರಾದ ಅಂಬಿಗರ ಚೌಡಯ್ಯನವರ ಊರು ಅದೇ ಎಂದು ಪರಂಪರೆ ಹೇಳುತ್ತದೆ. ಸೇತುವೆಗಳಿಲ್ಲದ ಕಾಲದಲ್ಲಿ ಈ ದಂಡೆಯ ಜನರಿಗೆ ದೋಣಿ ಹರಿಗೋಲುಗಳೇ ಆಸರೆ. ಪ್ರವಾಹದ ದಿನ ಆಚೆಯ ದಡವನ್ನು ಮುಟ್ಟಬೇಕಾದವನು ಅಂಬಿಗನನ್ನು ದೇವರೆಂದೇ ಕರೆದಾನು. ದಡ ಮುಟ್ಟಿದ ಮೇಲೆ ಕೂಲಿಯ ಮಾತು ಬಂದರೆ ಆ ದೇವರೇ ಅವನಿಗೆ ಪೀಡೆಯಾಗಿ ಕಂಡಾನು. ಹೊಳೆ ದಾಟಿದ ಮೇಲೆ ಅಂಬಿಗನ ಗೊಡವೆ ಏಕೆ ಎಂಬ ಭಾವದ ಗಾದೆ ಈ ನಾಡಿನಲ್ಲಿ ಸುಮ್ಮನೆ ಹುಟ್ಟಿದ್ದಲ್ಲ.

ದೋಣಿಗಳು ಕಡಿಮೆಯಾದರೂ ಆ ಮನೋಧರ್ಮ ಕಡಿಮೆಯಾಗಿಲ್ಲ. ಹಳ್ಳಿಯೊಂದರಲ್ಲಿ ಮದುವೆಗಳಿಗೆ ಶಾಮಿಯಾನ, ಪಾತ್ರೆ, ದೀಪಗಳನ್ನು ಬಾಡಿಗೆಗೆ ಕೊಟ್ಟು ಜೀವಿಸುವ ಒಬ್ಬ ಕಾಯಕದವನನ್ನು ನೆನೆಯಬಹುದು. ಲಗ್ನದ ಹಿಂದಿನ ದಿನ ಅವನನ್ನು ಹತ್ತು ಸಲ ಕರೆಯುತ್ತಾರೆ, ‘ಅಣ್ಣಾ’ ಎನ್ನುತ್ತಾರೆ. ಅವನು ಆಳುಗಳ ಕೂಲಿಯನ್ನು ಅಂದೇ ಕೊಡುತ್ತಾನೆ, ಬಂಡಿಯ ಬಾಡಿಗೆಯನ್ನು ಅಂದೇ ತೆರುತ್ತಾನೆ. ಲಗ್ನ ಮುಗಿದ ಮೇಲೆ ಅವನ ಹಣಕ್ಕೆ ಮಾತ್ರ ‘ನಾಳೆ’ ಎಂಬ ಉತ್ತರ. ನಾಳೆ ತಿಂಗಳಾಗುತ್ತದೆ, ತಿಂಗಳು ವರುಷವಾಗುತ್ತದೆ. ಅದೇ ಯಜಮಾನನು ಶ್ರಾವಣದಲ್ಲಿ ಜಂಗಮರನ್ನು ಕರೆಸಿ ದಾಸೋಹ ಮಾಡುತ್ತಾನೆ. ಆ ಪಂಕ್ತಿಗೆ ತಟ್ಟೆ ಲೋಟ ಒದಗಿಸುವವನೂ ಆ ಬಾಕಿಯವನೇ. ಅವನ ಮಗನ ಶಾಲೆಯ ಶುಲ್ಕಕ್ಕೆ ಹೆಂಡತಿಯ ಓಲೆ ಒತ್ತೆಗೆ ಹೋದುದು ಪಂಕ್ತಿಯಲ್ಲಿ ಯಾರಿಗೂ ತಿಳಿಯದು.

ಇಲ್ಲಿ ಸದ್ಭಕ್ತರು ವಿಚಾರಿಸತಕ್ಕ ವಿಷಯಗಳು ಎರಡು: ಕೊಡಬೇಕಾದವನ ಧರ್ಮವೇನು, ಕೇಳಬೇಕಾದವನ ಧರ್ಮವೇನು?

ಮೊದಲನೆಯದು ಸ್ಪಷ್ಟವಾಗಿದೆ. ಶರಣರು ದಾಸೋಹವನ್ನು ಕಾಯಕದಿಂದ ಬೇರ್ಪಡಿಸಲಿಲ್ಲ. ಸತ್ಯಶುದ್ಧವಾಗಿ ದುಡಿದು ಬಂದುದೇ ಲಿಂಗಕ್ಕೂ ಜಂಗಮಕ್ಕೂ ಸಲ್ಲತಕ್ಕದ್ದು. ಆಯ್ದಕ್ಕಿ ಮಾರಯ್ಯನವರು ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಅಗತ್ಯಕ್ಕೆ ಮೀರಿದುದು ಮನೆಗೆ ಬೇಡವೆಂದು ಲಕ್ಕಮ್ಮನವರು ಅದನ್ನು ಹಿಂದಕ್ಕೆ ಕಳುಹಿಸಿದರು. ಅದು ಕದ್ದ ಅಕ್ಕಿಯಲ್ಲ, ಕಾಯಕದ ಮೇರೆಯನ್ನು ದಾಟಿ ಬಂದ ಅಕ್ಕಿ ಮಾತ್ರ. ಅದನ್ನೇ ಒಪ್ಪದ ದಾಸೋಹವು, ಇನ್ನೊಬ್ಬನ ಬೆವರಿನ ಬೆಲೆಯನ್ನು ತಡೆಹಿಡಿದು ಬೇಯಿಸಿದ ಅನ್ನವನ್ನು ಹೇಗೆ ಒಪ್ಪೀತು? ಬಾಕಿ ಉಳಿಸಿಕೊಂಡವನು ಬಡ್ಡಿಯಿಲ್ಲದೆ, ಕೇಳದೆ, ಬಡವನಿಂದ ಸಾಲ ತೆಗೆದವನೇ ಆಗಿದ್ದಾನೆ. ಆ ಹಣದಿಂದ ಮಾಡಿದ ಪುಣ್ಯದ ಕರ್ತೃ ಅವನಲ್ಲ, ಆ ಬಡವನು.

ಎರಡನೆಯದು ಕಠಿಣವಾದುದು. ಕೇಳುವುದಕ್ಕೆ ನಾಚುವ ಕಾಯಕದವರು ಬಹಳ. ‘ದೊಡ್ಡವರ ಮನೆ, ಹೇಗೆ ಕೇಳಲಿ?’ ಎಂದು ಹಿಂಜರಿಯುತ್ತಾರೆ. ಬೇಡುವುದು ಶರಣರಿಗೆ ಸಲ್ಲದು ಎಂಬ ಮಾತನ್ನು ತಪ್ಪಾಗಿ ತಿಳಿದು ಮೌನವನ್ನೇ ಸದ್ಗುಣವೆಂದು ಭಾವಿಸುವವರೂ ಉಂಟು. ದುಡಿಯದೆ ಕೈಯೊಡ್ಡುವುದು ಯಾಚನೆ. ದುಡಿದುದರ ಬೆಲೆಯನ್ನು ಕೇಳುವುದು ಯಾಚನೆಯಲ್ಲ, ಅದು ಕಾಯಕದ ಕೊನೆಯ ಕೆಲಸ. ನೇಕಾರನು ಬಟ್ಟೆಯನ್ನು ಮಗ್ಗದಿಂದ ಇಳಿಸುವಷ್ಟೇ ಸಹಜವಾಗಿ ಅದನ್ನು ಮಾಡಬೇಕು. ಈ ಕ್ಷೇತ್ರದ ದೇವರ ಹೆಸರನ್ನೇ ಕಾವ್ಯನಾಮವಾಗಿಟ್ಟುಕೊಂಡ ಕಾದಂಬರಿಕಾರ ಗಳಗನಾಥರು (1869-1942) ತಮ್ಮ ಪುಸ್ತಕಗಳನ್ನು ತಾವೇ ಹೊತ್ತು ಊರೂರು ತಿರುಗಿ ಮಾರಿದರೆಂಬುದು ಪ್ರಸಿದ್ಧ. ತನ್ನ ದುಡಿಮೆಗೆ ಬೆಲೆ ಹೇಳುವುದರಲ್ಲಿ ಅವರು ಕೀಳುತನವನ್ನು ಕಾಣಲಿಲ್ಲ.

ಕೆಲವರು ‘ಹೋಗಲಿ, ಬಿಟ್ಟೆ’ ಎನ್ನುತ್ತಾರೆ. ಅಂಜಿ ಬಿಟ್ಟುದು ದಾನವಾಗದು. ಬಿಟ್ಟೆನೆಂದವನು ಮನಸ್ಸಿನಲ್ಲಿ ಅದನ್ನು ಎಣಿಸುತ್ತಲೇ ಇರುತ್ತಾನೆ. ಹೊರಗೆ ನಗುತ್ತಾನೆ, ಒಳಗೆ ಕುದಿಯುತ್ತಾನೆ. ಇದಕ್ಕಿಂತ ದೊಡ್ಡ ದೋಷ ಇನ್ನೊಂದಿದೆ. ಒಬ್ಬನಿಂದ ಬಾರದ ಹಣವನ್ನು ಸರಿದೂಗಿಸಲು, ಸರಿಯಾಗಿ ಕೊಡುವ ಮತ್ತೊಬ್ಬನ ಮೇಲೆ ಬೆಲೆಯನ್ನು ಏರಿಸುತ್ತಾನೆ. ಹೀಗೆ ತಪ್ಪಿದವನ ದಂಡವನ್ನು ತಪ್ಪದವನು ತೆರುತ್ತಾನೆ. ನುಲಿಯ ಚಂದಯ್ಯನವರ ಕಥೆಯನ್ನು ಇಲ್ಲಿ ಸ್ಮರಿಸತಕ್ಕದ್ದು. ಅವರ ಹಗ್ಗವನ್ನು ಮಾರಲು ಲಿಂಗದೇವನೇ ಬಸವಣ್ಣನವರ ಬಳಿಗೆ ಹೋದನಂತೆ. ಬಸವಣ್ಣನವರು ಭಕ್ತಿಯಿಂದ ಹಗ್ಗದ ಬೆಲೆಗಿಂತ ಬಹಳ ಹೆಚ್ಚು ಹೊನ್ನನ್ನು ಕೊಟ್ಟರು. ಚಂದಯ್ಯನವರು ಅದನ್ನು ಒಪ್ಪಲಿಲ್ಲ. ಹಗ್ಗಕ್ಕೆ ಸಲ್ಲುವ ಬೆಲೆಯೇ ಸಾಕೆಂದರು. ಹೆಚ್ಚು ಬೇಡವೆಂಬ ನಿಷ್ಠೆ ಪ್ರಸಿದ್ಧವಾಗಿದೆ. ಆದರೆ ಹಗ್ಗಕ್ಕೆ ಒಂದು ಸಲ್ಲುವ ಬೆಲೆಯಿದೆ ಎಂಬುದನ್ನೂ ಆ ಕಥೆಯೇ ಹೇಳುತ್ತದೆ. ಆ ಬೆಲೆಯನ್ನು ಲಿಂಗದೇವನ ಕೈಯಿಂದಲೂ ಬಿಡದೆ ತರಿಸಿಕೊಂಡ ಶರಣರು ಅವರು. ಅದು ಬಾರದಿದ್ದರೆ ಅಂದಿನ ಜಂಗಮ ದಾಸೋಹವು ನಿಲ್ಲುತ್ತಿತ್ತು.

ಆದುದರಿಂದ ಕೇಳಬೇಕು, ಕೇಳುವುದಕ್ಕೂ ಒಂದು ಕ್ರಮವಿರಬೇಕು. ಕೆಲಸಕ್ಕೆ ಕೈಹಚ್ಚುವ ಮೊದಲೇ ಬೆಲೆಯನ್ನೂ ಹಣ ಕೊಡುವ ದಿನವನ್ನೂ ಮಾತಾಡಿ ಬರೆದಿಡಬೇಕು. ಒಕ್ಕಲಿಗನಿಗೆ ಮೆಣಸಿನಕಾಯಿ ಬ್ಯಾಡಗಿಯ ಪೇಟೆಗೆ ಹೋದ ಮೇಲೆ ಕೈಗೆ ಹಣ ಬರುವುದಾದರೆ ಅದೇ ದಿನವನ್ನು ಗೊತ್ತುಮಾಡುವುದು ನ್ಯಾಯ. ಸ್ವಲ್ಪ ಮುಂಗಡ ಪಡೆಯುವುದರಲ್ಲಿ ಅವಮಾನವಿಲ್ಲ. ಕೆಲಸ ಮುಗಿದ ದಿನವೇ ಲೆಕ್ಕದ ಚೀಟಿ ಕೊಡಬೇಕು. ತಡವಾಗಿ ಬಂದ ಲೆಕ್ಕಕ್ಕೆ ತಡವಾದ ಉತ್ತರವೇ ಬರುವುದು. ಬಿಜ್ಜಳನ ಭಂಡಾರದ ಲೆಕ್ಕವನ್ನು ನೋಡಿಕೊಂಡ ಬಸವಣ್ಣನವರ ಅನುಯಾಯಿಗಳಿಗೆ ಲೆಕ್ಕದಲ್ಲಿ ಅಲಕ್ಷ್ಯ ಸಲ್ಲದು. ಗೊತ್ತಾದ ದಿನ ಮೀರಿದರೆ ತಾನೇ ಹೋಗಿ ಕೇಳಬೇಕು. ಜಾತ್ರೆಯಲ್ಲಿ, ನಾಲ್ಕು ಜನರ ನಡುವೆ ಕೇಳಿದರೆ ಹಣವೂ ಹೋಗುವುದು, ನೆಂಟಸ್ತನವೂ ಹೋಗುವುದು. ಮನೆಯಲ್ಲಿ, ಮೃದುವಾಗಿ, ಮೊತ್ತವನ್ನು ಸ್ಪಷ್ಟವಾಗಿ ಹೇಳಿ ಕೇಳಬೇಕು. ಹಳೆಯ ಬಾಕಿ ತೀರುವವರೆಗೆ ಹೊಸ ಕೆಲಸವನ್ನು ಹಿಡಿಯಬಾರದು. ಇದು ಹಗೆಯಲ್ಲ, ಮರ್ಯಾದೆಯ ಮೇರೆ.

ಕೇಳುವಾಗ ಎದುರಿಗಿರುವವನು ಅಶಕ್ತನೋ ಮೋಸಗಾರನೋ ಎಂಬುದನ್ನು ವಿವೇಚಿಸಬೇಕು. ಮಳೆ ಕೈಕೊಟ್ಟು ಬೆಳೆ ಹೋದವನಿಗೆ, ರೋಗದಿಂದ ನೊಂದ ಮನೆಗೆ ಕಂತು ಮಾಡಿಕೊಡುವುದು ದಯೆ. ದಯೆಯೇ ಧರ್ಮದ ಬೇರು. ಪೂರ್ತಿ ಬಿಡಬೇಕೆನಿಸಿದರೆ ಎದುರಿಗೆ ಹೇಳಿ, ವಹಿಯಲ್ಲಿ ಗೆರೆ ಎಳೆದು, ಮರೆತುಬಿಡಬೇಕು. ಅದು ದಾಸೋಹಕ್ಕೆ ಸಮಾನ. ಆದರೆ ಶಕ್ತಿಯಿದ್ದೂ ಸತಾಯಿಸುವವನ ಮುಂದೆ ಸುಮ್ಮನಿರುವುದು ಅವನ ಪಾಪಕ್ಕೆ ನೀರೆರೆದಂತೆ.

ಅಂಥವನಿಗಾಗಿ ರಾಜ್ಯದ ಕಾನೂನೂ ಇದೆ. 2006ರ ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ ಕಾಯಿದೆಯಂತೆ, ನೋಂದಾಯಿಸಿಕೊಂಡ ಸೂಕ್ಷ್ಮ ಅಥವಾ ಸಣ್ಣ ಉದ್ಯಮಿಯ ಹಣವನ್ನು ಕೊಂಡವನು ಕರಾರಿನ ದಿನದೊಳಗೆ ಕೊಡಬೇಕು. ಆ ಕರಾರು 45 ದಿನಗಳನ್ನು ಮೀರಕೂಡದು. ಕರಾರೇ ಇಲ್ಲದಿದ್ದರೆ 15 ದಿನಗಳು. ತಪ್ಪಿದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಸಲ್ಲುವುದು, ದೂರನ್ನು ಅದಕ್ಕೆಂದೇ ಇರುವ ಮಂಡಳಿಯ ಮುಂದೆ ಇಡಬಹುದು. 1963ರ ಕಾಲಮಿತಿ ಕಾಯಿದೆಯಂತೆ ಸರಕಿನ ಬಾಕಿಗೆ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರುಷಗಳ ಅವಧಿ. ಅದು ಮುಗಿಯುವ ಮೊದಲೇ ಸಾಲಗಾರನು ಬಾಕಿಯನ್ನೊಪ್ಪಿ ಬರೆದು ರುಜು ಮಾಡಿದರೆ ಅವಧಿ ಹೊಸದಾಗಿ ಆರಂಭವಾಗುವುದು. ನಾಚಿಕೆಯಿಂದ ವರುಷಗಳನ್ನು ಕಳೆದವನು ಇದನ್ನು ಅರಿತಿರುವುದು ಒಳ್ಳೆಯದು. ಆದರೂ ಕಾನೂನು ಕೊನೆಯ ಮೆಟ್ಟಿಲು. ಮೊದಲನೆಯದು ಇಬ್ಬರ ಮನಸ್ಸಾಕ್ಷಿ.

ಗೃಹಸ್ಥರು ಪ್ರತಿ ಸೋಮವಾರ ಇಷ್ಟಲಿಂಗವನ್ನು ಅಂಗೈಯಲ್ಲಿ ಹಿಡಿದು ಕುಳಿತಾಗ, ಆ ಕೈಯಿಂದ ಯಾರಿಗೆ ಏನು ಸಲ್ಲಬೇಕಾಗಿದೆ ಎಂದೊಮ್ಮೆ ಕೇಳಿಕೊಳ್ಳಲಿ. ಬಡಗಿಯದೋ, ದರ್ಜಿಯದೋ, ಕಿರಾಣಿಯವನದೋ ಬಾಕಿ ನೆನಪಾದರೆ ಪೂಜೆ ಮುಗಿಸಿ ಅದನ್ನು ಕೊಟ್ಟು ಬರಲಿ. ಅವರ ಮನೆಯ ಒಲೆಯೂ ದಾಸೋಹದ ಒಲೆಯೇ. ಅಂಬಿಗನ ಕೂಲಿಯನ್ನು ದಡದಲ್ಲಿಯೇ ಕೊಟ್ಟವನು ಮರುದಿನ ಹೊಳೆಯ ಕಡೆಗೆ ತಲೆಯೆತ್ತಿ ಬರಬಲ್ಲನು.